ಹಸಿರು ಬೆಂಕಿ, ಕೆಂಪು ತಂತಿ

ಕಳೆದ ತಿಂಗಳ ಒಂದು ಭಾನುವಾರ ಅಂಗಡಿಯ ಹಿತ್ತಲಿನಲ್ಲಿ ಏಳೂವರೆ ಎಚ್‌ಪಿ ಮೋಟಾರೊಂದರ ತಿರುಗದ ಹೊರಭಾಗವಾದ ಸ್ಟೇಟರ್‌ಗೆ ಬೆಂಕಿ ಹಚ್ಚಿ ಕುಳಿತಿದ್ದೆ. ಕುಂದಗೋಳದ ಕಡೆಯ ರೈತರೊಬ್ಬರ ಮೊನೊಬ್ಲಾಕ್ ಪಂಪಿನದು. ಮೂರರಲ್ಲಿ ಒಂದು ಫೇಸ್ ಹೋದದ್ದು ತಿಳಿಯದೆ ಚಾಲೂ ಮಾಡಿದ್ದರಿಂದ ವೈಂಡಿಂಗ್ ಕರಕಲಾಗಿತ್ತು. ವಾರ್ನಿಷ್ ಕುಡಿದು ಕಲ್ಲಿನಂತಾದ ಹಳೆಯ ಕಾಯಿಲ್‌ಗಳು ತಾವು ಕೂತ ಸಂದಿನಿಂದ, ಅಂದರೆ ಸ್ಲಾಟಿನಿಂದ, ಸುಲಭಕ್ಕೆ ಹೊರಬರುವುದಿಲ್ಲವಾದ್ದರಿಂದ, ಹುಬ್ಬಳ್ಳಿಯಲ್ಲಿ ನನ್ನಂತೆ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ಸಣ್ಣ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡವರು ಅವುಗಳನ್ನು ಸುಟ್ಟೇ ತೆಗೆಯುತ್ತಾರೆ. ಹೊಗೆಯ ದೃಷ್ಟಿಯಿಂದ ಇದು ಒಳ್ಳೆಯ ಪದ್ಧತಿಯಲ್ಲ, ಬೆಂಕಿ ಮಿತಿ ಮೀರಿದರೆ ಸ್ಟೇಟರನ್ನು ಕಟ್ಟಿರುವ ತೆಳು ಉಕ್ಕಿನ ಸ್ಟ್ಯಾಂಪಿಂಗ್ ತಗಡುಗಳ ನಡುವಿನ ನಿರೋಧಕ ಲೇಪವೂ ಹಾಳಾಗುತ್ತದೆ ಎಂಬುದು ಗೊತ್ತಿದ್ದೂ, ಓವನ್ ಕೊಳ್ಳುವುದನ್ನು ವರ್ಷದಿಂದ ವರ್ಷಕ್ಕೆ ಮುಂದೂಡುತ್ತ ಬಂದಿದ್ದೇನೆ.

ಅಂದು ಎಸ್ಸೆಸ್ಸೆಲ್ಸಿ ಓದುತ್ತಿರುವ ಅಣ್ಣನ ಮಗಳು ಊಟದ ಡಬ್ಬಿ ತಂದವಳು ಅಲ್ಲಿಯೇ ನಿಂತಳು. ವೈಂಡಿಂಗಿನಿಂದ ಹೊರಬರುವ ಲೀಡ್ ತಂತಿಗಳ ಪಿವಿಸಿ ಹೊದಿಕೆ ಹೊತ್ತಿಕೊಂಡಾಗ ಜ್ವಾಲೆಯ ಅಂಚು ನವಿಲಿನ ಕತ್ತಿನಂತೆ ಹಸಿರು ನೀಲಿಯಾಯಿತು. “ಕಾಕಾ, ತಂತಿ ಕೆಂಪ ಐತಿ, ಬೆಂಕಿ ಯಾಕ ಹಸರ ಆತು?” ಎಂದು ಕೇಳಿದಳು. ತಾಮ್ರ ಸುಟ್ಟರೆ ಹಾಗೇ ಎಂದುಬಿಟ್ಟೆ. ಅದು ಉತ್ತರವಲ್ಲ ಎಂಬುದು ಅವಳ ಮುಖದಿಂದಲೇ ತಿಳಿಯಿತು. ಅವಳು ಬಿಡಲೂ ಇಲ್ಲ. “ಹಂಗಾರ ಒಂದ ತಾಮ್ರದ ಪರಮಾಣು ಯಾವ ಬಣ್ಣ ಇರತೈತಿ?” ಎಂದಳು. ಇಪ್ಪತ್ತು ವರ್ಷಗಳಿಂದ ದಿನವೂ ಕೈಯಲ್ಲಿ ಹಿಡಿಯುವ ವಸ್ತುವಿನ ಬಗ್ಗೆ ನಾನೇ ಎಂದೂ ಕೇಳಿಕೊಳ್ಳದ ಪ್ರಶ್ನೆ ಅದು. ಡಿಪ್ಲೊಮಾ ಓದುವಾಗ ಕಲಿತದ್ದನ್ನೂ ಅನಂತರ ಓದಿಕೊಂಡದ್ದನ್ನೂ ಒಂದುಗೂಡಿಸಿ ಅವಳಿಗೆ ಹೇಳಿದ್ದನ್ನು ಇಲ್ಲಿ ತುಸು ವಿಸ್ತರಿಸಿ ಬರೆಯುತ್ತಿದ್ದೇನೆ.

ಅವಳ ಪಠ್ಯದಲ್ಲಿರುವಂತೆ ತಾಮ್ರದ ಪರಮಾಣು ಸಂಖ್ಯೆ 29. ನ್ಯೂಕ್ಲಿಯಸ್ಸಿನಲ್ಲಿ 29 ಪ್ರೋಟಾನ್‌ಗಳು, ಸುತ್ತಲಿನ ಕವಚಗಳಲ್ಲಿ ಕ್ರಮವಾಗಿ 2, 8, 18 ಮತ್ತು 1 ಎಲೆಕ್ಟ್ರಾನ್‌ಗಳು. ಒಳಗಿನ 28 ಎಲೆಕ್ಟ್ರಾನ್‌ಗಳು ನ್ಯೂಕ್ಲಿಯಸ್ಸಿನ ಸೆಳೆತಕ್ಕೆ ಬಹುಮಟ್ಟಿಗೆ ಅಡ್ಡ ನಿಲ್ಲುವುದರಿಂದ ಹೊರಗಿನ ಆ ಒಂದರ ಹಿಡಿತ ಸಡಿಲ. ಇದಿಷ್ಟನ್ನು ಹೇಳಿ ಪಠ್ಯವು ಒಂದು ಸೂತ್ರ ಕೊಡುತ್ತದೆ: ಹೊರ ಕವಚದಲ್ಲಿ ಒಂದು, ಎರಡು ಅಥವಾ ಮೂರು ಎಲೆಕ್ಟ್ರಾನ್‌ಗಳಿದ್ದು ಅವುಗಳನ್ನು ಬಿಟ್ಟುಕೊಡುವ ಧಾತು ಲೋಹ. ಪರೀಕ್ಷೆಗೆ ಇದು ಸಾಕು. ಆದರೆ ಬೋರಾನ್‌ಗೆ ಹೊರಗೆ ಮೂರೇ ಎಲೆಕ್ಟ್ರಾನ್, ಅದು ಲೋಹವಲ್ಲ. ತವರ ಮತ್ತು ಸೀಸಕ್ಕೆ ನಾಲ್ಕು, ಅವೆರಡೂ ಲೋಹಗಳೇ. ಸೂತ್ರ ಎಡವುವುದಕ್ಕೆ ಕಾರಣ, ಅದು ಒಂದೊಂದೇ ಪರಮಾಣುವನ್ನು ನಿಲ್ಲಿಸಿ ಲೋಹ ಹೌದೋ ಅಲ್ಲವೋ ಎಂದು ವಿಚಾರಿಸುವುದು. ಹೊಳಪು, ಬಾಗುವಿಕೆ, ವಿದ್ಯುತ್ತನ್ನು ಸಾಗಿಸುವ ಗುಣ ಇವು ಯಾವುವೂ ಒಂಟಿ ಪರಮಾಣುವಿಗೆ ಸೇರಿದವಲ್ಲ. ಪರಮಾಣುಗಳು ಕೂಡಿದ ಮೇಲೆ, ಅವು ಕೂಡಿದ ಬಗೆಯಿಂದ, ಹುಟ್ಟುವ ಗುಣಗಳು.

ಇದಕ್ಕೆ ನಮ್ಮ ಸೀಮೆಯಲ್ಲೇ ಸಾಕ್ಷಿ ಇದೆ. ಗದಗ ಜಿಲ್ಲೆಯ ಕಪ್ಪತಗುಡ್ಡದಲ್ಲಿ ಕಾವಿ ಬಣ್ಣದ ಕಲ್ಲು ಸಿಗುತ್ತದೆ. ಅದರೊಳಗಿರುವುದು ಕಬ್ಬಿಣದ ಪರಮಾಣುಗಳೇ, ಮೋಟಾರಿನ ಶಾಫ್ಟಿನಲ್ಲಿರುವಂಥವೇ. ಆದರೆ ಆ ಕಲ್ಲನ್ನು ಸುತ್ತಿಗೆಯಿಂದ ಬಡಿದರೆ ಅಗಲವಾಗುವುದಿಲ್ಲ, ಒಡೆದು ಚೂರಾಗುತ್ತದೆ. ತಂತಿಯಂತೆ ಎಳೆಯಲು ಬರುವುದಿಲ್ಲ, ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ತಾಗಿಸಿದರೆ ಬೀಪ್ ಎನ್ನುವುದಿಲ್ಲ. ಕಬ್ಬಿಣವು ತನ್ನ ಹೊರ ಎಲೆಕ್ಟ್ರಾನ್‌ಗಳನ್ನು ಅಲ್ಲಿ ಆಮ್ಲಜನಕಕ್ಕೆ ಒಪ್ಪಿಸಿಬಿಟ್ಟಿದೆ. ಕೊಟ್ಟದ್ದು ಪಡೆದವರ ಬಳಿಯೇ ಉಳಿಯಿತು, ತಿರುಗಾಡಲು ಯಾವುದೂ ಬಾಕಿ ಇಲ್ಲ. ಕುಲುಮೆಯಲ್ಲಿ ಇಂಗಾಲವು ಆ ಆಮ್ಲಜನಕವನ್ನು ಕಿತ್ತುಕೊಂಡು ಹೋದ ಮೇಲೆ ಮಾತ್ರ ಕಬ್ಬಿಣದ ಪರಮಾಣುಗಳು ತಮ್ಮತಮ್ಮಲ್ಲೇ ಕೂಡಿ ಲೋಹವಾಗುತ್ತವೆ.

ಹಾಗೆ ಕೂಡಿದಾಗ ಹೊರಗಿನ ಎಲೆಕ್ಟ್ರಾನ್ ಯಾರದ್ದೆಂಬ ಲೆಕ್ಕ ಅಳಿಸಿಹೋಗುತ್ತದೆ. ತಾಮ್ರದಲ್ಲಿ ಪರಮಾಣುವಿಗೆ ಒಂದರಂತೆ, ಒಂದು ಘನ ಸೆಂಟಿಮೀಟರಿಗೆ 8.5ರ ಮುಂದೆ ಇಪ್ಪತ್ತೆರಡು ಸ್ಥಾನಗಳ ಲೆಕ್ಕದಲ್ಲಿ, ಅಂದರೆ 8.5 × 10²² ಎಲೆಕ್ಟ್ರಾನ್‌ಗಳು ಇಡೀ ತುಂಡಿನ ಸೊತ್ತಾಗುತ್ತವೆ. 1897ರಲ್ಲಿ ಜೆ. ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿದ ಮೂರೇ ವರ್ಷಕ್ಕೆ, 1900ರಲ್ಲಿ, ಪಾಲ್ ಡ್ರೂಡ್ ಎಂಬ ಜರ್ಮನ್ ಭೌತವಿಜ್ಞಾನಿ ಲೋಹದೊಳಗೆ ಎಲೆಕ್ಟ್ರಾನ್‌ಗಳು ಅನಿಲದ ಕಣಗಳಂತೆ ಅಲೆಯುತ್ತವೆ ಎಂದು ಲೆಕ್ಕ ಹಾಕಿದ. ನ್ಯೂಕ್ಲಿಯಸ್ ಇದೆಯೆಂದು ರುದರ್‌ಫರ್ಡ್ ತೋರಿಸಿದ್ದು ಅದರ ಹನ್ನೊಂದು ವರ್ಷಗಳ ನಂತರ. ಪರಮಾಣುವಿನ ಒಳರಚನೆ ಗೊತ್ತಾಗುವ ಮೊದಲೇ ಲೋಹದ ಚಿತ್ರ ಅರ್ಧಕ್ಕರ್ಧ ಸಿದ್ಧವಾಗಿತ್ತು ಎಂಬುದು ನನಗೆ ಇಂದಿಗೂ ಸೋಜಿಗ. ಡ್ರೂಡನ ಲೆಕ್ಕದಲ್ಲಿ ತಪ್ಪುಗಳಿದ್ದವು. 1920ರ ದಶಕದ ಕೊನೆಗೆ ಸೊಮ್ಮರ್‌ಫೆಲ್ಡ್ ಕ್ವಾಂಟಮ್ ನಿಯಮಗಳನ್ನು ಸೇರಿಸಿ ಹಲವನ್ನು ಸರಿಪಡಿಸಿದ.

ಈ ಎಲೆಕ್ಟ್ರಾನ್‌ಗಳು ತಂತಿಯಲ್ಲಿ ಹೇಗೆ ಚಲಿಸುತ್ತವೆ ಎಂಬುದರ ಬಗ್ಗೆ ನಮ್ಮ ಧಂದೆಯವರಲ್ಲೇ ತಪ್ಪು ಕಲ್ಪನೆ ಇದೆ. ಸಿದ್ಧಾರೂಢ ಮಠದ ತೇರಿನ ದಿನ ಜನಜಂಗುಳಿಯಲ್ಲಿ ಸಿಕ್ಕವರಿಗೆ ಗೊತ್ತಿರುವಂತೆ, ಒಬ್ಬೊಬ್ಬರೂ ಅತ್ತಿತ್ತ ನೂಕಾಡುತ್ತಲೇ ಇರುತ್ತಾರೆ, ಇಡೀ ಗುಂಪು ಮಾತ್ರ ತೇರಿನ ಹಿಂದೆ ತೆವಳುತ್ತದೆ. ತಾಮ್ರದ ಎಲೆಕ್ಟ್ರಾನ್ ಸೆಕೆಂಡಿಗೆ 1,500 ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ದಿಕ್ಕುದೆಸೆಯಿಲ್ಲದೆ ಓಡುತ್ತಿರುತ್ತದೆ. ಆದರೆ ಚದರ ಮಿಲಿಮೀಟರಿಗೆ 4 ಆಂಪಿಯರ್ ಹರಿಸಿದಾಗ ಇಡೀ ಸಮೂಹ ಒಂದು ಕಡೆಗೆ ಸರಿಯುವ ವೇಗ ಸೆಕೆಂಡಿಗೆ ಸುಮಾರು 0.3 ಮಿಲಿಮೀಟರ್ ಅಷ್ಟೆ. ಒಂದು ಮೀಟರ್ ದಾಟಲು ಹೆಚ್ಚುಕಡಿಮೆ ಒಂದು ಗಂಟೆ ಬೇಕು. ಅದೂ ಡಿಸಿಯಾದರೆ. ಮೋಟಾರಿಗೆ ಬರುವ 50 ಹರ್ಟ್ಸ್ ಎಸಿಯಲ್ಲಿ ದಿಕ್ಕು ಸೆಕೆಂಡಿಗೆ ನೂರು ಸಲ ಬದಲಾಗುವುದರಿಂದ ಸಮೂಹದ ಹಿಂದುಮುಂದಿನ ಸರಿದಾಟ ಕೂದಲಿನ ದಪ್ಪದ ಹತ್ತರಲ್ಲೊಂದು ಪಾಲಿಗೂ ಬರುವುದಿಲ್ಲ. ಸ್ವಿಚ್ ಒತ್ತಿದ ಕೂಡಲೇ ಪಂಪು ತಿರುಗುವುದು ಎಲೆಕ್ಟ್ರಾನ್ ಅಲ್ಲಿಯವರೆಗೆ ಓಡಿ ಹೋದದ್ದರಿಂದಲ್ಲ. ತಳ್ಳುವಿಕೆಯ ಸುದ್ದಿ ತಂತಿಯುದ್ದಕ್ಕೂ ಬೆಳಕಿನ ವೇಗದ ಆಸುಪಾಸಿನಲ್ಲಿ ಮುಟ್ಟಿದ್ದರಿಂದ.

ಇಲ್ಲಿ ಅವಳು ಬಹಳ ಒಳ್ಳೆಯ ಪ್ರಶ್ನೆ ಎತ್ತಿದಳು. ಅಲ್ಯೂಮಿನಿಯಮ್ಮಿನ ಹೊರ ಕವಚದಲ್ಲಿ ಮೂರು ಎಲೆಕ್ಟ್ರಾನ್‌ಗಳಿವೆ, ತಾಮ್ರಕ್ಕೆ ಒಂದೇ. ಹಾಗಾದರೆ ಅಲ್ಯೂಮಿನಿಯಮ್ಮಿನಲ್ಲಿ ಕರೆಂಟು ಹೆಚ್ಚು ಸಲೀಸಾಗಿ ಹರಿಯಬೇಕಲ್ಲವೇ? ಹರಿಯುವುದಿಲ್ಲ. ಅಲ್ಯೂಮಿನಿಯಮ್ಮಿನ ವಾಹಕತೆ ತಾಮ್ರದ ಶೇಕಡಾ 61ರಷ್ಟು ಮಾತ್ರ. ಒಂದೇ ಅಳತೆಯ ತುಂಡಿನಲ್ಲಿ ಅದಕ್ಕೆ ತಾಮ್ರದ ಎರಡು ಪಟ್ಟಿಗಿಂತ ತುಸು ಹೆಚ್ಚು ಎಲೆಕ್ಟ್ರಾನ್‌ಗಳಿರುವುದು ನಿಜ. ಆದರೆ ಅಲ್ಲಿ ಎಲೆಕ್ಟ್ರಾನ್ ಒಂದು ಡಿಕ್ಕಿಯಿಂದ ಇನ್ನೊಂದು ಡಿಕ್ಕಿಯವರೆಗೆ ನಿರಾತಂಕವಾಗಿ ಓಡುವ ಅವಧಿ ತಾಮ್ರದಲ್ಲಿ ಸಿಗುವ ಅವಧಿಯ ಮೂರನೇ ಒಂದಕ್ಕಿಂತಲೂ ಕಡಿಮೆ. ತಲೆ ಎಣಿಕೆಯಲ್ಲಿ ಗೆದ್ದದ್ದನ್ನು ಅಡೆತಡೆಯಲ್ಲಿ ಸೋಲುತ್ತದೆ.

ಎಲೆಕ್ಟ್ರಾನ್ ಡಿಕ್ಕಿ ಹೊಡೆಯುವುದು ಯಾವುದಕ್ಕೆ ಎಂದರೆ, ಅಚ್ಚುಕಟ್ಟಾಗಿ ನಿಂತ ಪರಮಾಣುಗಳಿಗಲ್ಲ. ಸಾಲು ಸರಿಯಾಗಿದ್ದರೆ ಅದು ಅಲೆಯಂತೆ ಅವುಗಳ ನಡುವೆ ನುಸುಳಿಹೋಗುತ್ತದೆ. ಸಾಲು ಕೆಡಿಸುವ ಸಂಗತಿಗಳು ಅದನ್ನು ತಡೆಯುತ್ತವೆ. ಕಾವೇರಿದಂತೆ ಪರಮಾಣುಗಳು ನಿಂತಲ್ಲೇ ಹೆಚ್ಚು ನಡುಗುವುದರಿಂದ ತಾಮ್ರದ ರೋಧ ಡಿಗ್ರಿಗೆ ಸುಮಾರು ಶೇಕಡಾ 0.39ರಂತೆ ಏರುತ್ತದೆ, ಬೆಳಿಗ್ಗೆ ತಣ್ಣಗಿದ್ದಾಗ ಅಳೆದ ವೈಂಡಿಂಗಿನ ರೋಧ ಮೋಟಾರು 75 ಡಿಗ್ರಿ ಹೆಚ್ಚು ಕಾದ ಮೇಲೆ ಶೇಕಡಾ 30ರ ಹತ್ತಿರ ಏರಿರುತ್ತದೆ. ಬೇರೆ ಧಾತುವಿನ ಬೆರಕೆಯೂ ಹಾಗೆಯೇ. ವಾಹಕತೆಯಲ್ಲಿ ತಾಮ್ರದ ಸಮೀಪವೂ ಬಾರದ ಸತುವನ್ನು ಅದಕ್ಕೆ ಬೆರೆಸಿದ ಹಿತ್ತಾಳೆಯ ವಾಹಕತೆ, ವಿಚಿತ್ರವೆಂಬಂತೆ, ಸಾಮಾನ್ಯವಾಗಿ ಸತುವಿನದಕ್ಕೂ ಹೆಚ್ಚಿರುವುದಿಲ್ಲ, ಏಕೆಂದರೆ ಎರಡೂ ಜಾತಿಯ ಪರಮಾಣುಗಳು ಕ್ರಮವಿಲ್ಲದೆ ಕಲೆತಿವೆ. ವೈಂಡಿಂಗ್ ತಂತಿಗೆ ಶೇಕಡಾ 99.9ಕ್ಕೂ ಮೀರಿ ಶುದ್ಧವಾದ ತಾಮ್ರವೇ ಬೇಕೆನ್ನುವುದು ಇದೇ ಕಾರಣಕ್ಕೆ. ತದ್ವಿರುದ್ಧವಾಗಿ ಸ್ಟ್ಯಾಂಪಿಂಗ್ ತಗಡಿನ ಉಕ್ಕಿಗೆ ಬೇಕೆಂದೇ ಸಿಲಿಕಾನ್ ಬೆರೆಸಿ ರೋಧ ಹೆಚ್ಚಿಸುತ್ತಾರೆ. ಅಲ್ಲಿ ತಗಡಿನೊಳಗೇ ಸುತ್ತಿ ವ್ಯರ್ಥವಾಗಿ ಕಾವು ಹುಟ್ಟಿಸುವ ಸುಳಿ ವಿದ್ಯುತ್ತು ಹರಿಯದಿರುವುದೇ ಲಾಭ.

ಆ ಶೇಕಡಾ 61ರ ಅಂಕಿ ನನ್ನ ನೆನಪಿನಲ್ಲಿ ಅಚ್ಚೊತ್ತಿ ನಿಲ್ಲಲು ಬೇರೊಂದು ಕಾರಣವೂ ಉಂಟು. ಕೆಲವು ವರ್ಷಗಳ ಹಿಂದೆ ಒಬ್ಬ ವ್ಯಾಪಾರಿ ಕಡಿಮೆ ದರಕ್ಕೆ ಕೊಟ್ಟ ತಂತಿಯ ರೀಲಿನಿಂದ ಎರಡು ಮೋಟಾರು ಕಟ್ಟಿದೆ. ಎರಡೂ ಹದಿನೈದು ದಿನದಲ್ಲಿ ಸುಟ್ಟು ವಾಪಸು ಬಂದವು. ಬಿಚ್ಚಿ ನೋಡಿ, ತಂತಿಯ ಎನಾಮಲ್ ಕೆರೆದು, ಬ್ಲೇಡನ್ನು ಇನ್ನಷ್ಟು ಒತ್ತಿದಾಗ ಕೆಂಪಿನ ಕೆಳಗೆ ಬೆಳ್ಳಗಿನ ಗೆರೆ ಮೂಡಿತು. ಅಲ್ಯೂಮಿನಿಯಮ್ ತಂತಿಗೆ ತಾಮ್ರದ ತೆಳು ಪೊರೆ ಹೊದಿಸಿದ ಮಾಲು. ಅಲ್ಯೂಮಿನಿಯಮ್ ಬಳಸುವುದೇ ತಪ್ಪೆಂದಲ್ಲ. ಗೇಜು ದಪ್ಪ ಮಾಡಿ, ಅಂದರೆ ತಂತಿಯ ಅಡ್ಡಕೊಯ್ತದ ವಿಸ್ತೀರ್ಣವನ್ನು 1.6 ಪಟ್ಟು ಹೆಚ್ಚಿಸಿ ಕಟ್ಟಿದರೆ ನಡೆಯುತ್ತದೆ, ಆದರೆ ತಾಮ್ರಕ್ಕೆಂದು ಕೊರೆದ ಸ್ಲಾಟಿನಲ್ಲಿ ಅಷ್ಟು ಜಾಗವಿರುವುದಿಲ್ಲ. ರೀಲನ್ನು ಕೈಯಲ್ಲಿ ತೂಗಿ ನೋಡಿದ್ದರೂ ಗೊತ್ತಾಗುತ್ತಿತ್ತು. ತಾಮ್ರದ ಸಾಂದ್ರತೆ ಘನ ಸೆಂಟಿಮೀಟರಿಗೆ 8.96 ಗ್ರಾಂ, ಅಲ್ಯೂಮಿನಿಯಮ್ಮಿನದು 2.70. ಅವಸರದಲ್ಲಿ ತೂಗಲಿಲ್ಲ, ದಂಡ ತೆತ್ತೆ.

ಪರಮಾಣುಗಳ ನಡುಕದ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಿ ಮುಂದೆ ಹೋಗುತ್ತೇನೆ. ಹೆಚ್ಚು ನಡುಗುವ ಪರಮಾಣುಗಳಿಗೆ ಹೆಚ್ಚು ಜಾಗ ಬೇಕು, ಆದ್ದರಿಂದಲೇ ಲೋಹ ಹಿಗ್ಗುತ್ತದೆ. ನಮ್ಮ ಹುಬ್ಬಳ್ಳಿ ನಿಲ್ದಾಣದ ಉದ್ದನೆಯ ಪ್ಲಾಟ್‌ಫಾರ್ಮ್ 1,507 ಮೀಟರ್. ಅಷ್ಟುದ್ದದ ಉಕ್ಕಿನ ಹಳಿಯನ್ನು ಹಿಡಿತವಿಲ್ಲದೆ ಬಿಟ್ಟರೆ, ಮುಂಜಾನೆಯಿಂದ ಮಧ್ಯಾಹ್ನಕ್ಕೆ 30 ಡಿಗ್ರಿ ಕಾವೇರಿದಾಗ ಅದು ಅರ್ಧ ಮೀಟರಿಗೂ ಹೆಚ್ಚು ಬೆಳೆಯುತ್ತದೆ.

ಇನ್ನು ಬಾಗುವ ಗುಣ. ಪಠ್ಯ ಇದನ್ನು ಕುಟ್ಯತೆ, ತನ್ಯತೆ ಎಂದು ಎರಡು ಸಾಲಿನಲ್ಲಿ ಮುಗಿಸುತ್ತದೆ. ನನ್ನ ದೃಷ್ಟಿಯಲ್ಲಿ ಲೋಹದ ಕಥೆಯಲ್ಲಿ ಎಲ್ಲಕ್ಕಿಂತ ಸ್ವಾರಸ್ಯದ ಭಾಗ ಇದೇ. ದುರ್ಗದಬೈಲಿನ ಹಣ್ಣಿನ ಗಾಡಿಯಲ್ಲಿ ಮೋಸಂಬಿ ಒಟ್ಟಿರುವುದನ್ನು ನೋಡಿ. ಕೆಳಗಿನ ಸಾಲಿನ ಮೂರು ಹಣ್ಣುಗಳ ನಡುವಿನ ತಗ್ಗಿನಲ್ಲಿ ಮೇಲಿನದೊಂದು ಕೂರುತ್ತದೆ. ತಾಮ್ರ, ಅಲ್ಯೂಮಿನಿಯಮ್, ಚಿನ್ನ, ಬೆಳ್ಳಿ, ಸೀಸ ಇವುಗಳ ಪರಮಾಣುಗಳು ನಿಲ್ಲುವುದು ಹೀಗೆಯೇ. ಒಂದೊಂದಕ್ಕೂ ಹನ್ನೆರಡು ನೆರೆಯವರು, ಒಟ್ಟು ಜಾಗದ ಶೇಕಡಾ 74 ಭರ್ತಿ. ಸಾಮಾನ್ಯ ಉಷ್ಣತೆಯ ಕಬ್ಬಿಣದಲ್ಲಿ ಜೋಡಣೆ ಬೇರೆ: ಎಂಟು ನೆರೆಯವರು, ಶೇಕಡಾ 68 ಭರ್ತಿ. ತಾಮ್ರದಲ್ಲಿ ಅಕ್ಕಪಕ್ಕದ ಪರಮಾಣುಗಳ ನಡುಬಿಂದುಗಳ ಅಂತರ 0.256 ನ್ಯಾನೊಮೀಟರ್, ಒಂದು ಮಿಲಿಮೀಟರ್ ದಪ್ಪದ ತಂತಿಯ ಅಡ್ಡಕ್ಕೆ ಒಂದು ಸಾಲು ಹಿಡಿದು ಎಣಿಸಿದರೆ ಸುಮಾರು 39 ಲಕ್ಷ ಪರಮಾಣುಗಳು.

ಒರಳಿನಲ್ಲಿ ಹರಳುಪ್ಪನ್ನು ಕುಟ್ಟಿದರೆ ಪುಡಿಯಾಗುತ್ತದೆ. ಉಪ್ಪಿನಲ್ಲಿ ಧನ ಮತ್ತು ಋಣ ಅಯಾನುಗಳು ಒಂದು ಬಿಟ್ಟು ಒಂದರಂತೆ ನಿಂತಿರುವುದರಿಂದ, ಒಂದು ಪದರ ಒಂದು ಹೆಜ್ಜೆ ಜರುಗಿದರೂ ಒಂದೇ ಜಾತಿಯವು ಎದುರುಬದುರಾಗಿ ಪರಸ್ಪರ ದೂಡುತ್ತವೆ, ಹರಳು ಸೀಳುತ್ತದೆ. ತಾಮ್ರದ ಪದರ ಜರುಗಿದರೆ ಹೊಸ ನೆರೆಯವನೂ ತಾಮ್ರವೇ, ಸುತ್ತಲಿನ ಎಲೆಕ್ಟ್ರಾನ್ ಸಮೂಹವೂ ಅದೇ. ಬಂಧ ಕಡಿಯುವ ಪ್ರಸಂಗವೇ ಬರುವುದಿಲ್ಲ. ಆದರೆ ಇಡೀ ಪದರವನ್ನು ಒಂದೇ ಏಟಿಗೆ ಜರುಗಿಸಲು ಎಷ್ಟು ಬಲ ಬೇಕೆಂದು 1926ರಲ್ಲಿ ಯಾಕೊವ್ ಫ್ರೆಂಕೆಲ್ ಲೆಕ್ಕ ಹಾಕಿದಾಗ, ಮೆತ್ತನೆಯ ಲೋಹಗಳನ್ನು ನಿಜವಾಗಿ ಬಗ್ಗಿಸಲು ಬೇಕಾಗುವುದಕ್ಕಿಂತ ಅದು ಸಾವಿರಾರು ಪಟ್ಟು ಹೆಚ್ಚು ಬಂತು. ಲೆಕ್ಕಕ್ಕೂ ಕೈಯ ಅನುಭವಕ್ಕೂ ನಡುವಿನ ಈ ಕಂದರವನ್ನು 1934ರಲ್ಲಿ ಟೇಲರ್, ಒರೋವಾನ್, ಪೊಲಾನಿ ಎಂಬ ಮೂವರು ಬೇರೆಬೇರೆಯಾಗಿ ತುಂಬಿದರು.

ಅವರ ಉತ್ತರ ಅರ್ಥವಾಗಲು ನವಲಗುಂದದ ಜಮಖಾನೆಯಿದ್ದರೆ ಸಾಕು. ಹಾಸಿದ ದೊಡ್ಡ ಜಮಖಾನೆಯನ್ನು ಒಂದು ಗೇಣು ಸರಿಸಬೇಕೆಂದು ಅಂಚು ಹಿಡಿದು ಎಳೆದರೆ ರಟ್ಟೆ ಸೋಲುತ್ತದೆ. ಒಂದು ಅಂಚಿನಲ್ಲಿ ಮಡಿಕೆ ಎಬ್ಬಿಸಿ, ಆ ಮಡಿಕೆಯನ್ನು ಕಾಲಿನಿಂದ ಇನ್ನೊಂದು ಅಂಚಿಗೆ ನೂಕಿಕೊಂಡು ಹೋದರೆ ಜಮಖಾನೆ ತಾನಾಗಿ ಸರಿದಿರುತ್ತದೆ. ಲೋಹದ ಹರಳಿನಲ್ಲಿ ಪರಮಾಣುಗಳ ಸಾಲೊಂದು ಅರ್ಧಕ್ಕೆ ನಿಂತ ರೇಖೆಗಳಿರುತ್ತವೆ; ಡಿಸ್‌ಲೊಕೇಶನ್ ಎನ್ನುವುದು ಅವುಗಳನ್ನೇ. ಬಾಗಿಸಿದಾಗ ಆ ಮಡಿಕೆಗಳು ಓಡುತ್ತವೆ. ಅಂದರೆ ತಾಮ್ರ ಮೆತ್ತಗಿರುವುದು ಅದರ ಸಾಲು ಸರಿಯಿರುವುದರಿಂದಲ್ಲ, ಅಲ್ಲಲ್ಲಿ ತಪ್ಪಿರುವುದರಿಂದ.

ಹಾಗೆಂದು ತಪ್ಪುಗಳು ಹೆಚ್ಚಿದಷ್ಟೂ ಮೆತ್ತಗಾಗುವುದಿಲ್ಲ. ಅವಳ ಕೈಗೆ ಬೆಂಕಿಯಿಂದ ತೆಗೆದು ತಣಿಸಿದ ದಪ್ಪ ತಂತಿಯ ಒಂದು ತುಂಡು ಕೊಟ್ಟೆ. ಮೊದಲ ಸಲ ಬತ್ತಿ ಹೊಸೆದಷ್ಟು ಸುಲಭವಾಗಿ ಬಾಗಿತು. ನೇರ ಮಾಡೆಂದೆ. ಅವಳು ಎಷ್ಟು ತಿದ್ದಿದರೂ ಬಾಗಿದ ಜಾಗ ಹಾಗೇ ಉಳಿದು, ಅದರ ಎರಡೂ ಬದಿಯಲ್ಲಿ ಹೊಸ ಬಾಗು ಎದ್ದಿತು. ಬಾಗಿದಲ್ಲಿ ತಂತಿ ಗಡುಸಾಗಿತ್ತು. ಕಾಯಿಸಿ ಮೆತ್ತಗಾದ ಲೋಹದಲ್ಲಿ ಚದರ ಸೆಂಟಿಮೀಟರಿಗೆ ಇಂಥ ರೇಖೆಗಳು ಹತ್ತು ಲಕ್ಷದ ಆಸುಪಾಸಿನಲ್ಲಿದ್ದರೆ, ಚೆನ್ನಾಗಿ ಬಡಿದು ಬಗ್ಗಿಸಿದ ಮೇಲೆ ಒಂದು ಲಕ್ಷ ಕೋಟಿಯವರೆಗೆ ಏರಬಹುದು. ಒಂದರ ದಾರಿಗೆ ಒಂದು ಅಡ್ಡ ಬಂದು, ಹತ್ತಿಯ ನೂಲಿನಂತೆ ಗೋಜಲಾಗಿ, ಯಾವ ಮಡಿಕೆಗೂ ಓಡಲು ಎಡೆ ಸಿಗುವುದಿಲ್ಲ. ಮತ್ತೆ ಬಗ್ಗಿಸುತ್ತ ಹೋದಳು, ಕೊನೆಗೆ ತುಂಡಾಯಿತು. ಇನ್ನೊಂದು ಗಡುಸಾದ ತುಂಡನ್ನು ಕೆಂಪಗೆ ಕಾಯಿಸಿ ಕೊಟ್ಟಾಗ ಮತ್ತೆ ಬತ್ತಿಯಂತಾಗಿತ್ತು. ಕಾವಿನಲ್ಲಿ ಹೊಸ, ಗೋಜಲಿಲ್ಲದ ಹರಳುಗಳು ಬೆಳೆದಿರುತ್ತವೆ. ಪತ್ತಾರರು ಬಳೆ ತಟ್ಟುವಾಗ ನಡುನಡುವೆ ಕಾಸುವುದು ಇದಕ್ಕೇ. ಆರಂಭದ ಬಾಗಿನಿಂದ ಕೊನೆಯ ಮುರಿತದವರೆಗೆ ಅದೇ 29 ಪ್ರೋಟಾನುಗಳ ಅದೇ ಪರಮಾಣುಗಳಿದ್ದವು, ನಿಂತ ಬಗೆ ಮಾತ್ರ ಬದಲಾಯಿತು ಎಂಬುದನ್ನು ಅವಳು ನಾನು ಹೇಳುವ ಮೊದಲೇ ಹೇಳಿದಳು.

ಕಬ್ಬಿಣಕ್ಕೆ ಬಂದರೆ ಈ ನಿಲ್ಲುವ ಬಗೆಯ ಆಟ ಇನ್ನೂ ದೊಡ್ಡದು. ಕಾಯಿಲ್ ತುದಿಗಳನ್ನು ಕಡಿಯುವ ನನ್ನ ಚಾಣವನ್ನು ಪರಿಚಯದ ಕಮ್ಮಾರರೊಬ್ಬರ ಬಳಿ ಹಣಿಸಿಕೊಂಡು ಬರುತ್ತೇನೆ. 912 ಡಿಗ್ರಿ ದಾಟಿದ ಕಬ್ಬಿಣದ ಪರಮಾಣುಗಳು ಹಳೆಯ ಜೋಡಣೆ ಬಿಟ್ಟು ತಾಮ್ರದಂತೆ ಮೋಸಂಬಿ ಜೋಡಣೆಗೆ ಬರುತ್ತವೆ; ಇಂಗಾಲ ಬೆರೆತ ಉಕ್ಕಿನಲ್ಲಿ ಈ ಬದಲಾವಣೆ ಇನ್ನೂ ಕಡಿಮೆ ಕಾವಿನಲ್ಲೇ, 727 ಡಿಗ್ರಿಯಿಂದಲೇ ಆರಂಭವಾಗುತ್ತದೆ. ಹೊಸ ಜೋಡಣೆಯ ಸಂದುಗಳಲ್ಲಿ ಶೇಕಡಾ 2ರಷ್ಟು ಇಂಗಾಲವೂ ಹಿಡಿಸಬಹುದು, ಹಳೆಯದರಲ್ಲಿ ಅದಕ್ಕೆ ಜಾಗ ಇಲ್ಲವೆನ್ನುವಷ್ಟು ಕಡಿಮೆ. ಕೆಂಡದಂತಿರುವ ಉಕ್ಕನ್ನು ನೀರಿಗೆ ಅದ್ದಿದರೆ ಕಬ್ಬಿಣ ಹಳೆಯ ಜೋಡಣೆಗೆ ಮರಳಲು ಹವಣಿಸುತ್ತದೆ, ಇಂಗಾಲಕ್ಕೆ ಹೊರಬೀಳಲು ವ್ಯವಧಾನವಿರುವುದಿಲ್ಲ. ಸಿಕ್ಕಿಬಿದ್ದ ಇಂಗಾಲದಿಂದ ಹರಳು ಒಂದು ದಿಕ್ಕಿಗೆ ಹಿಗ್ಗಿ, ಗಾಜಿನಂತೆ ಗಡುಸಾಗುತ್ತದೆ, ಗಾಜಿನಂತೆಯೇ ಒಡೆಯುತ್ತದೆ. ಒಮ್ಮೆ ಅವರಿಲ್ಲದಾಗ ನಾನೇ ಕಾಯಿಸಿ ಅದ್ದಿ ತಂದ ಚಾಣದ ಮೊನೆ ಮೊದಲ ಏಟಿಗೇ ಹಾರಿಹೋಯಿತು. ಅದ್ದಿದ ಮೇಲೆ ಮತ್ತೆ ಮೆಲ್ಲಗೆ ಕಾಯಿಸಿ, ಉಜ್ಜಿ ಬೆಳಗಿದ ಮೊನೆಯ ಮೇಲೆ ಒಣಹುಲ್ಲಿನ ಹಳದಿ, ಅನಂತರ ಬದನೆಕಾಯಿ ಬಣ್ಣ ಮೂಡುವವರೆಗೆ ಕಾಯಬೇಕಿತ್ತು. ಆ 220ರಿಂದ 300 ಡಿಗ್ರಿಯ ನಡುವೆ ಇಂಗಾಲ ಸ್ವಲ್ಪ ಸ್ವಲ್ಪವೇ ಹೊರಬಂದು ಬಿಗಿ ಸಡಿಲುತ್ತದೆ. ಕಮ್ಮಾರರು ಇದಕ್ಕೆ ಹದ ಎನ್ನುತ್ತಾರೆ. ಅವರ ಬಳಿ ಥರ್ಮಾಮೀಟರ್ ಇಲ್ಲ.

ಇಷ್ಟಾದ ಮೇಲೆ ಬಣ್ಣದ ಪ್ರಶ್ನೆಗೆ ಮರಳಿದೆವು. ಲೋಹದ ತುಂಡಿನಲ್ಲಿ ಎಲೆಕ್ಟ್ರಾನ್‌ಗಳ ಶಕ್ತಿಮಟ್ಟಗಳು ಬಿಡಿಬಿಡಿ ಮೆಟ್ಟಿಲುಗಳಾಗಿ ಉಳಿಯದೆ, ಕೋಟ್ಯಂತರ ಪರಮಾಣುಗಳ ಮೆಟ್ಟಿಲುಗಳು ಒತ್ತೊತ್ತಾಗಿ ಸೇರಿ ಇಳಿಜಾರಿನಂತಾಗುತ್ತವೆ. ಬಿದ್ದ ಬೆಳಕಿನ ತಾಳಕ್ಕೆ ಸ್ವತಂತ್ರ ಎಲೆಕ್ಟ್ರಾನ್‌ಗಳು ಕೂಡಲೇ ತೂಗಾಡಿ ಅದನ್ನು ಹಿಂದಕ್ಕೆ ಎಸೆಯುವುದರಿಂದ ಹೊಳಪು. ತಾಮ್ರದಲ್ಲಿ ಇದರ ಜೊತೆಗೆ, ಮೂರನೇ ಕವಚದಿಂದ ಬಂದ ತುಂಬಿದ ಪಟ್ಟಿಯೊಂದು ಸ್ವತಂತ್ರ ಎಲೆಕ್ಟ್ರಾನ್‌ಗಳು ತುಂಬಿ ನಿಂತ ಮಟ್ಟಕ್ಕಿಂತ ಸುಮಾರು ಎರಡು ಎಲೆಕ್ಟ್ರಾನ್ ವೋಲ್ಟ್ (ಪರಮಾಣು ಮಟ್ಟದ ಶಕ್ತಿಯ ಅಳತೆ) ಕೆಳಗಿದೆ. ಹಸಿರು, ನೀಲಿ ಬೆಳಕಿಗೆ ಅಲ್ಲಿನ ಎಲೆಕ್ಟ್ರಾನನ್ನು ಮೇಲೆತ್ತುವಷ್ಟು ಶಕ್ತಿಯಿರುವುದರಿಂದ ಅದರಲ್ಲೊಂದು ಪಾಲು ಅಲ್ಲಿಯೇ ಹೀರಲ್ಪಟ್ಟು, ಕೆಂಪು ಮಾತ್ರ ಪೂರ್ತಿಯಾಗಿ ಮರಳುತ್ತದೆ. ಬೆಳ್ಳಿಯಲ್ಲಿ ಆ ಅಂತರ ಇದರ ಎರಡರಷ್ಟಿದ್ದು ಕಣ್ಣಿಗೆ ಕಾಣದ ಅತಿನೇರಳೆಗೆ ಬೀಳುತ್ತದೆ, ಬೆಳ್ಳಿ ಬೆಳ್ಳಗಿದೆ. ಜ್ವಾಲೆಯಲ್ಲಿ ಹಾರಿದ ತಾಮ್ರವಾದರೋ ಗುಂಪು ಬಿಟ್ಟು ಬಂದದ್ದು, ಒಂಟಿಯಾಗಿಯೋ, ಪಿವಿಸಿಯಿಂದ ಬಿಡುಗಡೆಯಾದ ಕ್ಲೋರಿನ್ನಿನಂಥ ಒಂದೆರಡು ಪರಮಾಣುಗಳ ಜೊತೆಗೂಡಿಯೋ ಇರುವಂಥದ್ದು. ಅದಕ್ಕೆ ಇಳಿಜಾರಿಲ್ಲ, ಮೆಟ್ಟಿಲುಗಳಷ್ಟೇ. ಮೇಲೇರಿದ ಎಲೆಕ್ಟ್ರಾನ್ ಒಂದೊಂದು ಮೆಟ್ಟಿಲು ಇಳಿಯುವಾಗ ನಿರ್ದಿಷ್ಟ ಬಣ್ಣದ ಬೆಳಕು ಹೊಮ್ಮುತ್ತದೆ, ತಾಮ್ರದ ಪಾಲಿಗೆ ಅದು ಹಸಿರು ನೀಲಿ.

“ಹಂಗಾರ ಎಷ್ಟ ಪರಮಾಣು ಕೂಡಿದರ ಲೋಹ ಆಗತೈತಿ?” ಎಂದು ಅವಳು ಕೇಳಿದಳು. ಇಂತಿಷ್ಟೇ ಎಂಬ ಗಡಿ ಇಲ್ಲ. ಚಿನ್ನವನ್ನು ಹತ್ತಿಪ್ಪತ್ತು ನ್ಯಾನೊಮೀಟರಿನ ಕಣಗಳಾಗಿಸಿ ನೀರಿನಲ್ಲಿ ತೇಲಿಬಿಟ್ಟರೆ ಆ ನೀರು ಮಾಣಿಕ್ಯದಂತೆ ಕೆಂಪಾಗುತ್ತದೆ. ಮೈಕೇಲ್ ಫ್ಯಾರಡೆ 1857ರಲ್ಲಿಯೇ ಅದನ್ನು ವಿವರಿಸಿದ್ದ. ಕಣವನ್ನು ಎರಡು ನ್ಯಾನೊಮೀಟರಿಗಿಂತ ಕಿರಿದು ಮಾಡುತ್ತ ಹೋದರೆ, ಅಂದರೆ ಕೆಲವೇ ನೂರು ಪರಮಾಣುಗಳಿಗೆ ಇಳಿಸಿದರೆ, ಇಳಿಜಾರು ಮತ್ತೆ ಮೆಟ್ಟಿಲಾಗತೊಡಗಿ ಚಿನ್ನದ ಲೋಹತನವೇ ಕರಗುತ್ತದೆ.

ಅಷ್ಟರಲ್ಲಿ ಸ್ಟೇಟರ್ ತಣಿದಿತ್ತು. ಹೊಸ ಮೊನೆಯ ಚಾಣದಿಂದ ಒಂದು ಬದಿಯ ತುದಿಗಳನ್ನು ಕಡಿದು, ಇನ್ನೊಂದು ಬದಿಯಿಂದ ಇಕ್ಕಳದಲ್ಲಿ ಎಳೆದಾಗ ಮಸಿ ಹಿಡಿದ ತಾಮ್ರ ನೂಲಿನ ಲಡಿಯಂತೆ ಸ್ಲಾಟಿನಿಂದ ಜಾರಿ ಬಂತು. ಅವಳು ಮುರಿದ ಎರಡು ತುಂಡುಗಳನ್ನೂ ಅದರ ಮೇಲಿಟ್ಟು ಗುಜರಿಯವನಿಗಾಗಿ ತೂಕಕ್ಕೆ ಹಾಕಿದೆ.